ಹಕ್ಕಿಗಳ ಶ್ರಾವಣ ಸೋಮವಾರ

ಭೂಕಂಪದಲ್ಲಿ ಗಂಡ ಸತ್ತ ಗುರುಬಾಯಿಯ ಹೆಸರಿಗೆ ಸರಕಾರ ಕಟ್ಟಿಸಿಕೊಟ್ಟ ಮನೆಯಲ್ಲಿ ವೀರಭದ್ರ ಪಾಟೀಲ ತನ್ನ ಹಕ್ಕಿಗಳನ್ನು ಇಟ್ಟ. ಗುರುಬಾಯಿ ಅವನ ದನದ ಕೊಟ್ಟಿಗೆಯ ಹಿಂದೆ ತಗಡಿನ ಪತ್ರಾ ಶೆಡ್ಡಿನಲ್ಲಿ ಇದ್ದಳು.

ಹಕ್ಕಿ ಅಂದರೆ ಫಿಂಚು, ಆಸ್ಟ್ರೇಲಿಯಾ ಮೂಲದ ಸಾಕುಹಕ್ಕಿ. ಹೆಬ್ಬೆರಳಿಗಿಂತ ತುಸು ದಪ್ಪ, ಕೆಂಪು ಚುಂಚು, ಗಲ್ಲದ ಮೇಲೆ ಕೇಸರಿ ಬೊಟ್ಟು. ಕೂಗಿದರೆ ಕೂಸಿನ ಕೈಯ ಪೀಪಿ ಒತ್ತಿದ ಹಾಗೆ ಸದ್ದು. ಹೈದರಾಬಾದಿನ ಹಕ್ಕಿ ಬಜಾರಿನಿಂದ ಪಾಟೀಲ ನಲವತ್ತು ತಂದಿದ್ದ. ತರುವಾಗ ಅವಕ್ಕೆ ಜಾಗ ಎಲ್ಲಿ ಎಂದು ಯೋಚಿಸಿರಲಿಲ್ಲ. ಅಂಥ ಯೋಚನೆ ಅವನ ವಂಶದಲ್ಲಿ ಯಾರೂ ಮಾಡಿದವರಲ್ಲ. ಅವರಿಗೆ ಜಾಗ ಬೇಕಾದಾಗ ಜಾಗ ಇರುತ್ತಿತ್ತು.

ಭೂಕಂಪ ಆದ ಮೇಲೆ ಕಟ್ಟಿದ ಹೊಸ ಊರು ನಿಲಂಗಾದಿಂದ ಔರಾದ ಶಹಾಜನಿಗೆ ಹೋಗುವ ರಸ್ತೆಯ ಮಗ್ಗುಲಿಗೆ ಪಟ್ಟಿ ಹಿಡಿದು ಗೆರೆ ಎಳೆದ ಹಾಗೆ ಎದ್ದಿತ್ತು. ಹಳೇ ಊರಲ್ಲಿ ದನ ನಡೆದ ಕಡೆ ಓಣಿ ತಿರುಗುತ್ತಿತ್ತು. ಇಲ್ಲಿ ದನಗಳೇ ಚೌಕದಲ್ಲಿ ನಿಂತು ಯಾವ ಕಡೆ ಹೋಗಬೇಕೆಂದು ವಿಚಾರ ಮಾಡುತ್ತಿದ್ದವು. ಹೊಲ ಇಲ್ಲದವರಿಗೆ ಸಣ್ಣ ಮನೆ, ಅಷ್ಟಿಷ್ಟು ಇದ್ದವರಿಗೆ ಮಧ್ಯಮ, ಬಹಳ ಇದ್ದವರಿಗೆ ದೊಡ್ಡದು. ಭೂಮಿ ನಡುಗಿದ್ದು ಎಲ್ಲರಿಗೂ ಒಂದೇ ಸಮ; ಮನೆ ಕೊಟ್ಟದ್ದು ಮಾತ್ರ ಹೊಲದ ಉತಾರ, ಅಂದರೆ ಪಹಣಿ, ನೋಡಿ. ಪಾಟೀಲನಿಗೆ ದೊಡ್ಡದೊಂದು, ತಮ್ಮನಿಗೊಂದು, ಭೂಕಂಪಕ್ಕೆ ಎರಡು ವರ್ಷ ಮೊದಲೇ ತೀರಿಹೋಗಿದ್ದ ಅಪ್ಪನಿಗೂ ಒಂದು ಸಿಕ್ಕಿತ್ತು. ಮೂರೂ ಮನೆಯಲ್ಲಿ ಜ್ವಾರಿ ಚೀಲ, ಸೋಯಾಬೀನ್ ಚೀಲ, ನೆಂಟರು ತುಂಬಿಕೊಂಡಿದ್ದರು.

ಗುರುಬಾಯಿ ಭಾಲ್ಕಿ ಕಡೆಯವಳು. ಕಾಶೆಪ್ಪನ ಕೈ ಹಿಡಿದು ಈ ಕಡೆ ಬಂದಾಗ ರಾಜ್ಯದ ಗಡಿ ಎಲ್ಲಿ ದಾಟಿತೆಂದು ಅವಳಿಗೂ ತಿಳಿಯಲಿಲ್ಲ, ಗಾಡಿಯ ಎತ್ತುಗಳಿಗೂ ತಿಳಿಯಲಿಲ್ಲ. ಕಾಶೆಪ್ಪ ಪಾಟೀಲನ ಆಳು. ರಾತ್ರಿ ಎತ್ತು ಕಾಯಲಿಕ್ಕೆ ವಾಡೆಯ ಗೋಡೆಗೆ ಒರಗಿ ಮಲಗುತ್ತಿದ್ದ. ಕಲ್ಲು ಮಣ್ಣಿನ, ಮೂರು ಮೊಳ ದಪ್ಪದ ಆ ಗೋಡೆ ಪಾಟೀಲ ಮನೆತನದ ಹೆಮ್ಮೆ. ಗಣಪತಿ ಕಳಿಸಿ ಬಂದು ಊರೆಲ್ಲ ಮಲಗಿದ್ದ ಆ ನಸುಕಿನಲ್ಲಿ ಹೆಮ್ಮೆ ಪೂರ್ತಿ ಕಾಶೆಪ್ಪನ ಮೇಲೆ ಬಿತ್ತು. ಎತ್ತುಗಳನ್ನು ಬಯಲಲ್ಲಿ ಕಟ್ಟಿದ್ದರು, ಅವು ಉಳಿದವು.

ನಾಲ್ಕನೆಯ ವರ್ಷಕ್ಕೆ ಮನೆ ಬಂತು. ಪೆಂಡಾಲಿನಲ್ಲಿ ಒಬ್ಬ ಸಾಹೇಬ ಗುರುಬಾಯಿಯ ಕೈಗೆ ಚಾವಿ ಕೊಟ್ಟ. ಫೋಟೊ ತೆಗೆಯುವಷ್ಟು ಹೊತ್ತು ಚಾವಿ ಅವಳ ಕೈಯಲ್ಲಿತ್ತು. ಆಮೇಲೆ ಪಾಟೀಲ ಕೇಳಿದ, ಒಬ್ಬಾಕಿ ಹೆಣ್ಮಗಳು ಸ್ಲ್ಯಾಬಿನ ಕೆಳಗೆ ಮಲಗುತ್ತೀಯೇನು ಎಂದು. ಆಗ ಊರಿಗೆ ಊರೇ ಹೊಸ ಮನೆಯ ಮುಂದೆ ಅಂಗಳದಲ್ಲಿ ಹಾಸಿಗೆ ಹಾಸುತ್ತಿತ್ತು. ಲಾರಿ ಹೋದರೆ ಗಂಡಸರು ಚೊಣ್ಣ ಹಿಡಿದುಕೊಂಡು ಬಯಲಿಗೆ ಓಡುತ್ತಿದ್ದರು. ಹೆದರಿಕೆ ಹೋಗುವವರೆಗೆ ಚಾವಿ ನನ್ನ ಹತ್ತಿರ ಇರಲಿ ಎಂದ ಪಾಟೀಲ. ಗುರುಬಾಯಿ ತಾನೇ ಕೈ ಚಾಚಿ ಕೊಟ್ಟಳು. ಯಾರೂ ಕಸಿದುಕೊಳ್ಳಲಿಲ್ಲ. ಈ ಮಾತನ್ನು ಮುಂದೆ ಪಾಟೀಲ ಬಹಳ ಮಂದಿಗೆ ಹೇಳಿದ.

ಸರಕಾರದ ಕಾಗದದಲ್ಲಿ ಗುರುಬಾಯಿ ಆ ಮನೆಯಲ್ಲಿ ಸುಖವಾಗಿದ್ದಳು. ಕಾಗದದ ಹೊರಗೆ, ಒಂದು ದಿನ ಕಬ್ಬಿಣದ ಜಾಳಿಗೆಯ ಎರಡು ದೊಡ್ಡ ಪಂಜರ ಟೆಂಪೋದಿಂದ ಇಳಿದು ಅವಳ ಮನೆ ಹೊಕ್ಕವು. ಇಲ್ಲಿ ಬೆಕ್ಕಿನ ಕಾಟ ಇಲ್ಲ, ಗಾಳಿ ಬೆಳಕು ಬರೋಬ್ಬರಿ ಅದ ಎಂದು ಪಾಟೀಲ ಮೆಚ್ಚಿಕೊಂಡ. ಹಕ್ಕಿಗಳಿಗೆ ಸ್ಲ್ಯಾಬಿನ ಹೆದರಿಕೆ ಇರಲಿಲ್ಲ.

ಆದರೆ ಹಕ್ಕಿಗಳು ಕಚೇರಿಯ ಕಾರಕೂನರ ಹಾಗೆ ಕೂತವು. ಒಣ ನವಣೆ ಕುಕ್ಕುವುದು, ಸಿಪ್ಪೆ ಉಗುಳುವುದು, ಕಿಟಕಿಯಾಚೆ ಮೋಡ ನೋಡುವುದು. ಆರು ತಿಂಗಳಾದರೂ ಒಂದು ಮೊಟ್ಟೆ ಇಲ್ಲ, ಮರಿ ಇಲ್ಲ. ಪಾಟೀಲನಿಗೆ ಮರಿ ಬೇಕಾಗಿದ್ದವು. ಜಿಲ್ಲಾ ಪರಿಷತ್ತಿನ ಟಿಕೆಟ್ಟಿನ ಮೇಲೆ ಅವನ ಕಣ್ಣು. ಉಮರ್ಗಾ, ನಿಲಂಗಾದ ದೊಡ್ಡ ಮಂದಿಯ ಮನೆಗೆ ಬರಿಗೈಲಿ ಹೋಗುವುದಕ್ಕಿಂತ ಒಂದು ಜೋಡಿ ಆಸ್ಟ್ರೇಲಿಯಾದ ಹಕ್ಕಿ ಹಿಡಿದು ಹೋದರೆ ಅವರ ಮೊಮ್ಮಕ್ಕಳು ಬಾಗಿಲ ತನಕ ಬಂದು ಕರೆದುಕೊಳ್ಳುತ್ತಾರೆ ಎಂಬುದು ಅವನ ಲೆಕ್ಕ.

ಉದಗೀರದ ಒಬ್ಬ ದನದ ಡಾಕ್ಟರನನ್ನು ಕೇಳಿದ. ಡಾಕ್ಟರ ಚೀಟಿ ಬರೆದುಕೊಟ್ಟ: ಒಣ ಕಾಳಿನ ಮೇಲೆ ಮರಿ ಆಗುವುದಿಲ್ಲ. ನವಣೆ, ಸಜ್ಜೆ ನೆನೆಸಿ ಮೊಳಕೆ ಬರಿಸಿ ಹಾಕಬೇಕು. ದಿನಾ ಹಸಿ ಸೊಪ್ಪು ಬೇಕು. ವಾರಕ್ಕೆ ಮೂರು ಸಲ ಬೇಯಿಸಿದ ತತ್ತಿ, ಸಿಪ್ಪೆ ಪುಡಿ ಸಮೇತ. ಪಾಟೀಲ ಅಲ್ಲೇ ಪೆನ್ನು ಇಸಿದುಕೊಂಡು ತತ್ತಿಯ ಸಾಲಿನ ಮೇಲೆ ಗೀಟು ಹೊಡೆದ. ಶಿವಾಚಾರದ ಮನೆತನದ ಹಕ್ಕಿ ತತ್ತಿ ತಿನ್ನುತ್ತದೆಯೇ? ಡಾಕ್ಟರ, ಆ ಹಕ್ಕಿ ತತ್ತಿಯಿಂದಲೇ ಹುಟ್ಟಿದ್ದಲ್ಲವೇ ಎಂದನಂತೆ. ಹುಟ್ಟು ಬ್ಯಾರೆ, ಆಚಾರ ಬ್ಯಾರೆ ಎಂದು ಪಾಟೀಲ ಎದ್ದು ಬಂದ.

ಮೊಳಕೆಯ ಕೆಲಸ ಗುರುಬಾಯಿಗೆ ಬಂತು. ಔರಾದ ಶಹಾಜನಿಯ ಸಂತೆಯಲ್ಲಿ ಅವಳು ಹೆಸರುಕಾಳು, ಮಡಿಕೆಕಾಳು ಮೊಳಕೆ ಬರಿಸಿ ಮಾರಿದವಳು. ಅವಳ ಕಾಳಿಗೆ ಹೊಟೇಲಿನವರು ಮುಂಜಾನೆಯೇ ಬಂದು ನಿಲ್ಲುತ್ತಿದ್ದರು. ನಾಳೆಯಿಂದ ಬಾ ಎಂದು ಪಾಟೀಲ ಅವಳ ಮನೆಯ ಚಾವಿಯನ್ನು ಅವಳಿಗೆ ಕೊಟ್ಟ. ಮುಂಜಾನೆ ಒಯ್ಯಬೇಕು, ಸಂಜೆ ತಂದು ಸುಮನಬಾಯಿಯ ಕೈಗೆ, ಅಂದರೆ ಪಾಟೀಲನ ಹೆಂಡತಿಗೆ, ಒಪ್ಪಿಸಬೇಕು.

ಶೆಡ್ಡಿನ ಮಗ್ಗುಲಿನ ಬಂಡಮ್ಮನಿಗೆ ಇದು ತಿಂಗಳುಗಟ್ಟಲೆ ನಗಲಿಕ್ಕೆ ಸಾಕಾಯಿತು. ಬಂಡಮ್ಮ ಕೋಳಿ ಸಾಕಿದವಳು, ನಾಲಿಗೆಗೆ ಬೇಲಿ ಇಲ್ಲ.

"ಎವ್ವಾ ಗುರುಬಾಯಿ, ಸಾವ್ಕಾರ್ತಿ ಆದಿ ನೋಡು. ಬಾಡಿಗಿ ಕೊಡದ ನಲವತ್ತು ಮಂದಿ ಬಾಡಿಗಿದಾರರು ನಿನ್ನ ಮನ್ಯಾಗ. ಅವರ ಹೇಲು ಬಳಿಯಾಕಿ ಮಾಲಕಿನ್ನೇ."

ಗುರುಬಾಯಿ ಮೊದಮೊದಲು ಬಾಗಿಲು ಹಾರು ಹೊಡೆದಿಟ್ಟು, ಒಂದು ಕಾಲು ಹೊಸ್ತಿಲ ಹೊರಗೆ ಇಟ್ಟೇ ಕೆಲಸ ಮಾಡಿದಳು. ಕಣ್ಣು ಹಕ್ಕಿಯ ಮೇಲೆ, ಜೀವ ಸ್ಲ್ಯಾಬಿನ ಮೇಲೆ. ಆದರೆ ಮೊಳಕೆ ಕಾಯಿಸುವ ಕೆಲಸ ಒಂದು ಕಾಲಿನ ಮೇಲೆ ಆಗುವುದಲ್ಲ. ಹೊತ್ತು ಮುಳುಗುವಾಗ ನವಣೆ ನೆನೆ ಹಾಕಬೇಕು. ಬೆಳಗಾಗುತ್ತಲೇ ನೀರು ಬಸಿದು, ಎರಡು ನೀರಲ್ಲಿ ತೊಳೆದು, ಅರಿವೆಯಲ್ಲಿ ಸಡಿಲಾಗಿ ಕಟ್ಟಿ ತೂಗುಬಿಡಬೇಕು. ಅಲ್ಲಿಂದ ಊಟದ ಹೊತ್ತಿಗೊಮ್ಮೆ, ಇಳಿಹೊತ್ತಿಗೊಮ್ಮೆ, ದೀಪದ ಹೊತ್ತಿಗೊಮ್ಮೆ ಬಿಚ್ಚಿ ತೊಳೆಯಬೇಕು. ಈ ಕಡೆಯ ಬ್ಯಾಸಿಗೆಯಲ್ಲಿ ಒಂದು ಸಲ ತಪ್ಪಿತೋ, ಹುಳಿ ವಾಸನೆ. ಹುಳಿ ವಾಸನೆ ಬಂತೋ, ತಿಪ್ಪೆಗೆ. ಮರುದಿನ ಕಾಳಿನ ತುದಿಯಲ್ಲಿ ಬಿಳಿ ಮೂಗು ಕಾಣುತ್ತದೆ. ಮೂಗು ಸೂಜಿಯ ಮೊನೆಯಷ್ಟಿದ್ದಾಗಲೇ ಹಾಕಬೇಕು, ಬಾಲದ ಹಾಗೆ ಬೆಳೆದರೆ ಹಕ್ಕಿ ಮೂಸುವುದಿಲ್ಲ. ಸೊಪ್ಪೂ ಅವಳೇ ತರುತ್ತಿದ್ದಳು. ಹೊಲದ ಬದುವಿನ ಹತ್ತರಕಿ, ಮೆಂತೆ, ಕೊತ್ತಂಬರಿ. ಗಣಪತಿಗೆ ಏರಿಸುವ ಕರಕಿಯನ್ನು ತೆನೆ ಸಮೇತ ಕಿತ್ತು ಪಂಜರಕ್ಕೆ ಸಿಕ್ಕಿಸುತ್ತಿದ್ದಳು. ಗಣಪತಿ ಎಂದೂ ಅಷ್ಟು ಹಿಗ್ಗಿನಿಂದ ತಿಂದದ್ದನ್ನು ಯಾರೂ ಕಂಡಿಲ್ಲ. ಹಾಲುಗಾಳಿನ ಸಜ್ಜೆ ತೆನೆ ಕಟ್ಟಿದ ದಿನ ನಲವತ್ತೂ ಹಕ್ಕಿ ತೆನೆಗೆ ತಲೆಕೆಳಗಾಗಿ ಜೋತುಬೀಳುತ್ತಿದ್ದವು.

ಹೀಗೆ ತೊಳೆಯುತ್ತ ತೊಳೆಯುತ್ತ ಒಂದು ಮಧ್ಯಾಹ್ನ ಅವಳಿಗೆ ಪಂಜರದ ಮಗ್ಗುಲಲ್ಲೇ ಜೊಂಪು ಹತ್ತಿತು. ಎಚ್ಚರಾದಾಗ ಕಣ್ಣೆದುರಿಗೆ ಸ್ಲ್ಯಾಬು. ಅದು ಅಲ್ಲೇ ಇತ್ತು. ಅವಳು ಎದ್ದು ಓಡಲಿಲ್ಲ, ಮಗ್ಗುಲು ಬದಲಿಸಿದಳು. ಸಂಜೆ ಚಾವಿ ಒಪ್ಪಿಸುವಾಗ ಮೊದಲ ಸಲ ಅವಳ ಕೈ ತುಸು ತಡೆಯಿತು. ಒಂದು ವಾರ ಬಿಟ್ಟು, ಹೆದರಿಕೆ ಹೋಗ್ಯಾದ್ರೀ, ಮನಿಗಿ ಬರಲೇನು ಎಂದು ಪಾಟೀಲನನ್ನು ಕೇಳಿಯೂ ಕೇಳಿದಳು. ಪಾಟೀಲ ನಕ್ಕು, ಹಕ್ಕಿ ಎಲ್ಲಿ ಹೋಗಬೇಕು ಎಂದ. ಮತ್ತೆ ಎರಡು ಸಲ ಕೇಳಿದಳು. ಮೂರನೆಯ ಸಲ, ನಿನಗ ಮನಿ ಹೆಚ್ಚೋ ಅನ್ನ ಹೆಚ್ಚೋ ಎಂದ. ಅವನ ಹೊಲದಲ್ಲಿ ಕೂಲಿ, ಅವನ ಕೊಟ್ಟಿಗೆಯ ಹಿಂದೆ ಶೆಡ್ಡು. ಅವಳು ಮತ್ತೆ ಕೇಳಲಿಲ್ಲ. ಸುಮ್ಮನಾದದ್ದಕ್ಕೆ ಬಂಡಮ್ಮ ಬೈದಳು.

ಮೊಳಕೆ ತಿನ್ನತೊಡಗಿದ ಮೇಲೆ ಹಕ್ಕಿಗಳು ಗೂಡು ಕಟ್ಟಿದವು, ಮೊಟ್ಟೆ ಇಟ್ಟವು, ಮರಿ ಮಾಡಿದವು. ಆದರೆ ಮರಿಗಳು ಐದನೆಯ ದಿನಕ್ಕೆ ಕಾಲು ಮಡಚಿ ಸಾಯತೊಡಗಿದವು. ಪಾಟೀಲ ಗೀಟು ಹೊಡೆದ ಚೀಟಿಯನ್ನು ಗುರುಬಾಯಿ ನೆನಪು ಮಾಡಿಕೊಂಡಳು. ಗೀಟಿನ ಕೆಳಗಿನ ಮಾತು ಪಾಟೀಲನೇ ಊರ ತುಂಬ ಹೇಳಿ ನಗಾಡಿದ್ದ. ಬಂಡಮ್ಮನ ಹತ್ತಿರ ಎರಡು ತತ್ತಿ ತಂದಳು. ತನ್ನ ಮನೆಯ ಒಲೆಯ ಮೇಲೆ ಅವಳು ಮಾಡಿದ ಮೊದಲ ಅಡಿಗೆ ಅದೇ. ಬೇಯಿಸಿ, ಕಿವುಚಿ, ಮೊಳಕೆಯಲ್ಲಿ ಕಲಸಿ ಇಟ್ಟಳು. ಸಿಪ್ಪೆಯನ್ನು ಹಂಚಿನ ಮೇಲೆ ಹುರಿದು, ಕಲ್ಲಲ್ಲಿ ಅರೆದು, ಹಳೇ ಸೀರೆಯ ಅಂಚಿನಲ್ಲಿ ಸೋಸಿ, ಬೆಳ್ಳಗಿನ ನುಣ್ಣನೆಯ ಪುಡಿಯನ್ನು ಹಿತ್ತಾಳೆಯ ಒಂದು ಬಟ್ಟಲಲ್ಲಿ ಹಾಕಿ ಒಲೆಕಟ್ಟೆಯ ಮೇಲಿಟ್ಟಳು. ದಿನಾ ಒಂದು ಚಿಟಿಕೆ. ಆ ಮೇಲೆ ಒಂದು ಮರಿಯೂ ಸಾಯಲಿಲ್ಲ. ಪಾಟೀಲ ಜೋಡಿ ಜೋಡಿ ಒಯ್ದು ಹಂಚಿದ. ನಮ್ಮ ಹಕ್ಕಿ ಪೂರಾ ಶಾಕಾಹಾರಿ ಎಂದು ಎಲ್ಲ ಕಡೆ ಹೇಳಿದ. ಬಂಡಮ್ಮನ ಕೋಳಿಗಳು ಏನೂ ಹೇಳಲಿಲ್ಲ.

ಭೂಕಂಪದ ಮೇಲೆ ಆರನೆಯ ಶ್ರಾವಣ ಬಂತು. ಪಾಟೀಲ ಸೋಮವಾರ ಹಿಡಿಯುತ್ತಿದ್ದ. ಅವನ ಉಪವಾಸ ನೋಡಿದವರು ಊಟ ಬಿಟ್ಟು ಉಪವಾಸ ಹಿಡಿಯಬೇಕು, ಅಂಥ ಉಪವಾಸ. ಮುಂಜಾನೆ ಶಾಬೂದಾನಿ ಖಿಚಡಿ, ಮಧ್ಯಾಹ್ನ ತುಪ್ಪ ಸುರಿದ ಭಗರ, ನಡುವೆ ಶೇಂಗಾ ಉಂಡಿ, ಬಾಳೆಹಣ್ಣು, ಬಟಾಟಿ. ಈ ಸಲ ಟಿಕೆಟ್ಟಿನ ವರ್ಷ. ಭಕ್ತಿ ಸ್ವಲ್ಪ ಹೆಚ್ಚು ಕಾಣಬೇಕಾಗಿತ್ತು. ಮೊದಲ ಸೋಮವಾರದ ಹಿಂದಿನ ದಿನ ಅವನು ಹಕ್ಕಿಮನೆಯ ಬಾಗಿಲಲ್ಲಿ ನಿಂತು, ನನ್ನ ಅನ್ನ ತಿನ್ನುವ ಪ್ರಾಣಿ ಎಲ್ಲಾ ಸೋಮವಾರ ಹಿಡೀಬೇಕು ಎಂದ.

ಗುರುಬಾಯಿಗೆ ಮೊದಲು ತಿಳಿಯಲಿಲ್ಲ. ತಿಳಿದ ಮೇಲೆ, ಹೆಬ್ಬಟ್ಟಿನಷ್ಟು ಜೀವ, ಒಂದು ಹೊತ್ತು ತಪ್ಪಿದರೆ ಕಾಲು ಮೇಲೆ ಮಾಡುತ್ತಾವೆ ಎಂದಳು.

"ಹಸಗೊಂಡ ಇರಲಿ ಅಂದೆನೇನು?" ಅಂದ ಪಾಟೀಲ. "ಭಗರ ಹಾಕು. ನಾ ತಿನ್ನಂಗಿಲ್ಲೇನು? ನೆನಸು, ಮೊಳಕಿ ಬರಸು, ಹಾಕು."

ಭಗರ ಎಂದರೆ ಉಪವಾಸದ ದಿನ ಅನ್ನದ ಬದಲು ಬೇಯಿಸುವ ಬಿಳಿ ಸಣ್ಣ ಕಾಳು. ಅಂಗಡಿಗೆ ಬರುವ ಹೊತ್ತಿಗೆ ಅದರ ಸಿಪ್ಪೆ, ಮೊಳೆಯುವ ಕಣ್ಣು ಎಲ್ಲ ಗಿರಣಿಯಲ್ಲಿ ಹೋಗಿರುತ್ತವೆ.

"ಸಿಪ್ಪಿ ಸುಲದ ಕಾಳ್ರೀ ಅದು ಪಾಟೀಲ್ರ. ಮೊಳಕಿ ಒಡ್ಯಂಗಿಲ್ಲ, ಕೊಳೀತದ."

"ಶಿವನ ವಾರ ಅದ. ಒಡೀತದ."

ಗುರುಬಾಯಿ ಆ ಸೋಮವಾರ ಬಾಗಿಲು ಹಾಕಿಕೊಂಡು ದಿನದ ಹಾಗೆ ನವಣೆ ಮೊಳಕೆ, ಹತ್ತರಕಿ, ತತ್ತಿ ಹಾಕಿದಳು. ಭಗರದ ಉಪವಾಸವನ್ನು ಬಂಡಮ್ಮನ ಕೋಳಿಗಳು ಮಾಡಿದವು. ಸಂಜೆ ಪಾಟೀಲ ಬಂದು ನೋಡಿದರೆ ಹಕ್ಕಿಗಳು ಪೀಪಿ ಊದುತ್ತಿದ್ದವು. ಅವನ ಕಣ್ಣು ತುಂಬಿ ಬಂದವು. ನನ್ನ ಹಕ್ಕಿ ಸೋಮವಾರ ಹಿಡಿದಾವ ಎಂದು ಊರೆಲ್ಲ ಸುದ್ದಿಯಾಯಿತು. ಗುಂಜೋಟಿಯಿಂದ ಬಂದಿದ್ದ ಬೀಗರು ಪಂಜರಕ್ಕೆ ಊದುಬತ್ತಿ ಬೆಳಗಿ ಹೋದರು. ಹಕ್ಕಿಗಳು ಹೊಗೆಗೆ ಸೀನಿದವು. ಅದನ್ನೂ ಯಾರೋ ಓಂಕಾರ ಎಂದರು. ಗುರುಬಾಯಿ ಬಾಯಿಗೆ ಸೆರಗು ಒತ್ತಿಕೊಂಡು ಹಿತ್ತಿಲಿಗೆ ಹೋಗಿ ನಕ್ಕಳು. ಅದು ಅವಳು ಮಾಡಿದ ತಪ್ಪು. ಆಗಲೇ ಖರೆ ಹೇಳಬೇಕಾಗಿತ್ತು.

ಎರಡನೆಯ ಸೋಮವಾರ ನೋಡಲಿಕ್ಕೆ ಮಂದಿ ಬರುವವರಿದ್ದರು. ಪಾಟೀಲ ತಾನೇ ಕೈಯಾರೆ ಹಾಕುವೆನೆಂದ. ಶನಿವಾರವೇ ಸುಮನಬಾಯಿಗೆ ಹೇಳಿ ಭಗರ ನೆನೆಸಿ, ಅರಿವೆಯಲ್ಲಿ ಬಿಗಿಯಾಗಿ ಕಟ್ಟಿ ದೇವರ ಜಗಲಿಯ ಮೇಲೆ ಇಡಿಸಿದ್ದ. ಎರಡು ದಿನ ಯಾರೂ ತೊಳೆಯಲಿಲ್ಲ. ಜಗಲಿಯ ಮೇಲೆ ಇಟ್ಟದ್ದನ್ನು ತೊಳೆಯುತ್ತಾರೆಯೇ? ಸೋಮವಾರ ಗಂಟು ಬಿಚ್ಚಿದರೆ ಲೋಳೆ. ವಾಸನೆ ಬಾಗಿಲ ತನಕ ಬಂತು. ಗುರುಬಾಯಿ ಕೈ ಅಡ್ಡ ಹಿಡಿದಳು. ಪಾಟೀಲ ಅವಳನ್ನು ಹೊರಗೆ ಕೂಡಿಸಿದ. ಮಂದಿಯೆದುರು, ಶಿವಾಯ ನಮಃ ಎನ್ನುತ್ತ, ಬಟ್ಟಲು ಬಟ್ಟಲು ಹಾಕಿದ. ಬೇರೆ ಏನೂ ಇಲ್ಲದ್ದರಿಂದ ಹಕ್ಕಿಗಳು ಅದನ್ನೇ ಕುಕ್ಕಿದವು. ಅವನು ದಿನವಿಡೀ ಬಾಗಿಲಿಗೆ ಖುರ್ಚಿ ಹಾಕಿಕೊಂಡು ಕೂತ. ಸಂಜೆಗೆ ಹಕ್ಕಿಗಳು ಹತ್ತಿಯ ಉಂಡೆಯ ಹಾಗೆ ಉಬ್ಬಿ ಕಣ್ಣು ಮುಚ್ಚಿದವು. ಧ್ಯಾನಕ್ಕೆ ಕೂತಾವ ಎಂದ.

ಮಂಗಳವಾರ ಮುಂಜಾನೆ ಗುರುಬಾಯಿ ಬಾಗಿಲು ತೆಗೆದರೆ ಹದಿನೆಂಟು ಹಕ್ಕಿ ಪಂಜರದ ತಳದಲ್ಲಿ ಬಿದ್ದಿದ್ದವು. ಒಂದೊಂದನ್ನೂ ಎತ್ತಿ ಅಂಗೈಯಲ್ಲಿ ಇಟ್ಟುಕೊಂಡು ನೋಡಿದಳು. ಕಾಶೆಪ್ಪನನ್ನು ಕಲ್ಲಿನಿಂದ ತೆಗೆದಾಗ ಅವಳಿಗೆ ಅಳು ಬಂದಿರಲಿಲ್ಲ, ಆಗ ಅಳಲಿಕ್ಕೆ ಸರದಿ ಇತ್ತು, ಊರ ತುಂಬ ಹೆಣ. ಈಗ ಒಂದು ಹನಿ ಬಂತು. ಸೆರಗಿನಿಂದ ಒರೆಸಿಕೊಂಡು, ಉಳಿದ ಇಪ್ಪತ್ತೆರಡಕ್ಕೆ ಬೆಲ್ಲದ ನೀರು ಇಟ್ಟು, ಹೊಸ ನವಣೆ ನೆನೆ ಹಾಕಿದಳು.

ಭಗರದಿಂದ ಸತ್ತವು ಎಂದು ಹೇಳುವ ಧೈರ್ಯ ಊರಲ್ಲಿ ಯಾರಿಗೂ ಇರಲಿಲ್ಲ, ಕೇಳುವ ಮನಸ್ಸು ಪಾಟೀಲನಿಗೆ ಇರಲಿಲ್ಲ. ಉಪವಾಸ ಮಾಡಿ ಯಾರಾದರೂ ಸತ್ತದ್ದುಂಟೇ? ಮನೆಯಲ್ಲೇ ಏನೋ ದೋಷ ಇರಬೇಕು ಎಂದ. ಬುಧವಾರ ಮಠದಿಂದ ಅಯ್ಯನವರನ್ನು ಜೀಪಿನಲ್ಲಿ ಕರೆಸಿದ. ಹಿಂದೆ ಅರ್ಧ ಊರು ಬಂತು, ಬಂಡಮ್ಮ ಎಲ್ಲರಿಗಿಂತ ಮುಂದೆ.

ಅಯ್ಯನವರು ಭಾರೀ ಮನುಷ್ಯ. ಒಳಗೆ ಬಂದು ಪಂಜರ ನೋಡಿದರು, ಸ್ಲ್ಯಾಬು ನೋಡಿದರು, ಗಾಳಿ ಮೂಸಿದರು. ಇಲ್ಲಿ ಭಸ್ಮದ ಬಲ ಕಡಿಮೆ ಅದ ಎಂದರು. ಹಾಗೆ ಅನ್ನುತ್ತಿರುವಾಗಲೇ ಅವರ ಕಣ್ಣಿಗೆ ಒಲೆಕಟ್ಟೆಯ ಮೇಲಿನ ಹಿತ್ತಾಳೆ ಬಟ್ಟಲು ಬಿತ್ತು. ಬೆಳ್ಳಗಿನ, ನುಣ್ಣನೆಯ ಪುಡಿ. ಅಯ್ಯನವರ ಮೋರೆ ಅರಳಿತು. ಇಷ್ಟು ಶುದ್ಧ ವಿಭೂತಿ ಇದ್ದೂ ಹಿಂಗಾಯಿತೇ ಎನ್ನುತ್ತ ಮೂರು ಬೆರಳು ಅದ್ದಿ ಹಣೆಗೆ ಅಡ್ಡ ಎಳೆದರು. ತೋಳಿಗೆ ಎಳೆದರು. ಪಾಟೀಲನ ಹಣೆಗೆ ಎಳೆದರು. ಬಾಗಿಲಲ್ಲಿ ಬಂಡಮ್ಮ ಗೋಡೆಯ ಕಡೆ ತಿರುಗಿ ನಿಂತಿದ್ದಳು, ಅವಳ ಬೆನ್ನು ಅಲುಗುತ್ತಿತ್ತು. ಅಯ್ಯನವರು ಒಂದು ಚಿಟಿಕೆ ನಾಲಿಗೆಗೂ ಹಾಕಿಕೊಂಡು ಚಪ್ಪರಿಸಿ, ಸ್ವಲ್ಪ ಹರಳು ಹರಳು ಅದ, ಶ್ರೀಶೈಲದ್ದೇನು ಎಂದು ಕೇಳಿದರು.

ಗುರುಬಾಯಿ ಸುಮ್ಮನಿರಬಹುದಾಗಿತ್ತು. ಹೂಂ ಅಂದಿದ್ದರೆ ಅವರು ಇನ್ನೊಂದು ಚಿಟಿಕೆ ತಿನ್ನುತ್ತಿದ್ದರು, ಮುಂದೆ ಊರ ಮಂದಿಯ ಹಣೆಗೆಲ್ಲ ಹಚ್ಚುತ್ತಿದ್ದರು. ಹೋದ ವಾರ ಸುಮ್ಮನಿದ್ದು ನಕ್ಕದ್ದಕ್ಕೆ ಹದಿನೆಂಟು ಜೀವ ಹೋಗಿದ್ದವು.

"ಅದು ತತ್ತಿ ಸಿಪ್ಪಿರೀ ಅಪ್ಪೋರ."

ಪೀಂ ಎಂದಿತು ಒಂದು ಹಕ್ಕಿ. ಗುರುಬಾಯಿ ಒಂದೇ ದನಿಯಲ್ಲಿ ಉಳಿದದ್ದನ್ನೂ ಹೇಳಿದಳು: ಕೋಳಿಯ ತತ್ತಿ, ಒಂದು ವರ್ಷದಿಂದ ಹಾಕುತ್ತಿದ್ದೇನೆ, ಅದರಿಂದಲೇ ಮರಿ ಉಳಿದಾವ, ಹಕ್ಕಿ ಸತ್ತದ್ದು ಕೊಳೆತ ಭಗರಕ್ಕೆ.

ಅಯ್ಯನವರು ಥೂ ಥೂ ಎನ್ನುತ್ತ ನೀರು ಕೇಳಿದರು. ಕೈಗೆ ಸಿಕ್ಕದ್ದು ನವಣೆ ತೊಳೆದ ನೀರಿನ ಚಂಬು. ಅದರಲ್ಲೇ ಬಾಯಿ ಮುಕ್ಕಳಿಸಿದರು, ಹಣೆ ತಿಕ್ಕಿದರು. ಪುಡಿ ಒದ್ದೆಯಾಗಿ ಹುಬ್ಬಿಗೆ ಅಂಟಿತು. ಆ ಬಿಳಿ ಹುಬ್ಬಿನಲ್ಲೇ ಪಾಟೀಲನ ಕಡೆ ತಿರುಗಿ, ಪಾಟೀಲರ ಮನೆಯಲ್ಲಿ ತತ್ತಿಯೇ, ಮಠಕ್ಕೆ ಏನು ಹೇಳಲಿ, ನಾಲ್ಕು ತಾಲೂಕಿನ ಭಕ್ತರಿಗೆ ಏನು ಹೇಳಲಿ ಎಂದು ಕೇಳಿದರು.

ಪಾಟೀಲನ ಕಣ್ಣ ಮುಂದೆ ಟಿಕೆಟ್ಟು ಹಾರಿಹೋಗುವುದು ಕಂಡಿತು. ಹಣೆಯ ಪುಡಿ ಒರೆಸಿಕೊಳ್ಳುವುದನ್ನೂ ಮರೆತು ಎರಡೂ ಕೈ ಮುಗಿದ.

"ನನ್ನ ಮನಿ ಅಲ್ರೀ ಅಪ್ಪೋರ ಇದು. ಗುರುಬಾಯಿ ಮನಿ. ತಲಾಟಿ ಹತ್ರ ಕಾಗದ ನೋಡ್ರಿ, ಆಕಿ ಹೆಸರ ಅದ. ನಮ್ಮ ಮನ್ಯಾಗ ಏಳು ಪೀಳಿಗಿ ತತ್ತಿ ಹೊಸ್ತಿಲಾ ದಾಟಿಲ್ಲ."

"ಹಕ್ಕಿ ಯಾರವು?"

ಪಾಟೀಲ ಒಂದು ಗಳಿಗೆ ಪಂಜರ ನೋಡಿದ. "ಆಕೀವೇರೀ."

ಅಯ್ಯನವರು ಗುರುಬಾಯಿಯನ್ನು ಕೇಳಿದರು, ಖರೇ ಏನವ್ವಾ ಎಂದು. ಅವಳು ಮಂದಿಯನ್ನು ನೋಡಿದಳು. ಎಲ್ಲರೂ ಅಲ್ಲೇ ಇದ್ದರು. ಸರಪಂಚನ ಅಳಿಯ, ಅಂಗನವಾಡಿಯ ಬಾಯಿ, ಹಾಲಿನವನು.

"ಹೂಂರೀ ಅಪ್ಪೋರ. ಮನಿ ನಂದೇ."

ಜೀಪು ಹೋಯಿತು. ಜೀಪಿನ ಹಿಂದೆ ಪಾಟೀಲ ಮೋಟಾರ್ ಸೈಕಲ್ ಮೇಲೆ ಹೋದ, ಅಯ್ಯನವರನ್ನು ಸಮಾಧಾನ ಮಾಡಲಿಕ್ಕೆ. ಮಂದಿ ಚದುರಿದ ಮೇಲೆ ಬಂಡಮ್ಮ ನೆಲಕ್ಕೆ ಕುಕ್ಕರಿಸಿ ಹೊಟ್ಟೆ ಹಿಡಿದುಕೊಂಡು ನಕ್ಕಳು. ನಕ್ಕು ಸಾಕಾದ ಮೇಲೆ ಎದ್ದು, ಏನ್ ನೋಡ್ಲತ್ತಿ, ನಡಿ ಎಂದಳು. ಇಬ್ಬರೂ ಶೆಡ್ಡಿಗೆ ಹೋಗಿ ಗುರುಬಾಯಿಯ ಸಂಸಾರ ಹೊತ್ತು ತಂದರು. ಎರಡೇ ಸಲಕ್ಕೆ ಮುಗಿಯಿತು: ಒಂದು ಟ್ರಂಕು, ನಾಲ್ಕು ಭಾಂಡಿ, ಒಂದು ಕೌದಿ, ಕಾಶೆಪ್ಪನ ಕಂಬಳಿ. ಗುರುಬಾಯಿ ಕೌದಿಯನ್ನು ಸ್ಲ್ಯಾಬಿನ ನಟ್ಟನಡುವೆ ಹಾಸಿದಳು.

ಇಳಿಹೊತ್ತಿಗೆ ಸುಮನಬಾಯಿ ಬಂದಳು. ಗಂಡ ಮಠದಿಂದ ತಿರುಗಿ ಬಂದಾನೆ, ಚಾವಿ ಇಸಕೊಂಡು ಬಾ ಎಂದು ಕಳಿಸ್ಯಾನೆ ಎಂದಳು. ಹೇಳುವುದು ಹೇಳಿ ಬಾಗಿಲಲ್ಲೇ ನಿಂತು ಹಕ್ಕಿಗಳನ್ನು ನೋಡಿದಳು. ಒಂದು ತಾಯಿಹಕ್ಕಿ ಮರಿಯ ಬಾಯಿಗೆ ಮೊಳಕೆ ಇಡುತ್ತಿತ್ತು. ಆ ಗಂಟು ನಾನೇ ಕಟ್ಟಿಟ್ಟದ್ದು, ವಾಸನೆ ನನಗೂ ಬಂದಿತ್ತು ಎಂದು ಮೆಲ್ಲಗೆ ಹೇಳಿದಳು ಸುಮನಬಾಯಿ. ಕೈ ಚಾಚಲಿಲ್ಲ. ಬಂದ ದಾರಿ ಹಿಡಿದು ಹೋದಳು.

ಆಮೇಲೆ ಪಾಟೀಲ ತಾನೇ ಬಂದ. ಸ್ನಾನ ಆಗಿತ್ತು, ಹಣೆಗೆ ಮಠದ ಅಸಲಿ ವಿಭೂತಿ. ಆಚೀಚೆ ಯಾರೂ ಕೇಳಬಾರದೆಂದು ದನಿ ತಗ್ಗಿಸಿದ್ದ. ಅಯ್ಯನವರ ಸಿಟ್ಟು ಇಳಿಸಿ ಬಂದಿದ್ದೇನೆ, ಮಠದಲ್ಲಿ ಭಕ್ತರು ಇಳಿಯಲಿಕ್ಕೆ ಒಂದು ಖೋಲಿ ಕಟ್ಟಿಸುವುದಾಗಿ ಮಾತು ಕೊಟ್ಟಿದ್ದೇನೆ, ಎಲ್ಲ ಮುಗಿಯಿತು ಎಂದ. ಮಂದಿ ಎದುರು ಆಡಿದ ಮಾತು ಮಂದಿಗೆ ಆಡಿದ್ದು, ನೀ ಅದನ್ನು ಕಟ್ಟಿಕೊಂಡು ಕೂಡಬೇಡ ಎಂದ.

ಗುರುಬಾಯಿ ಒಲೆಯ ಮುಂದೆ ಕೂತು ರೊಟ್ಟಿ ಬಡಿಯುತ್ತಿದ್ದಳು. ಬಡಿಯುವುದನ್ನು ನಿಲ್ಲಿಸಲಿಲ್ಲ.

ಶೆಡ್ಡಿಗೆ ಹೊಸ ಪತ್ರಾ ಹಾಕಿಸುತ್ತೇನೆ ಎಂದ. ಬೇಕಾದರೆ ಕರೆಂಟು ಎಳೆಸುತ್ತೇನೆ ಎಂದ. ಅವಳು ರೊಟ್ಟಿಯನ್ನು ಹಂಚಿಗೆ ಹಾಕಿ ನೀರು ಸವರಿದಳು. ನಾಳೆಯಿಂದ ನನ್ನ ಹೊಲಕ್ಕೆ ಕಾಲಿಡಬೇಡ ಎಂದ. ಬಂಡಮ್ಮನ ಕೋಳಿಗಳ ಕುತ್ತಿಗೆ ಹಿಸುಕಿಸುತ್ತೇನೆ ಎಂದ. ತಲಾಟಿ ನನ್ನ ಮನುಷ್ಯ, ಕಾಗದದ ಮೇಲಿನ ಹೆಸರು ಅಳಿಸಲಿಕ್ಕೆ ಒಂದು ರಬ್ಬರು ಸಾಕು ಎಂದ. ಆಗ ಗುರುಬಾಯಿ ಬಡಿಯುತ್ತಿದ್ದ ಇನ್ನೊಂದು ರೊಟ್ಟಿಯ ಅಂಚು ಹರಿಯಿತು. ಅವಳು ಅದನ್ನು ಬೆರಳಿನಿಂದ ಒತ್ತಿ ಕೂಡಿಸಿದಳು.

"ಗುರುಬಾಯಿ, ನೆಟ್ಟಗ ಹೇಳ್ಲತ್ತೀನಿ. ಚಾವಿ ಇಡು, ಸಾಮಾನ ತಗಿ, ಹೊರಗ ಬಾ."

ಅವಳು ರೊಟ್ಟಿಯನ್ನು ಬುಟ್ಟಿಗೆ ಹಾಕಿ, ಕೈ ಕೊಡವಿ, ಅವನ ಕಡೆ ತಿರುಗಿದಳು. ಅವನು ಹೊಸ್ತಿಲ ಒಳಗೆ ಚಪ್ಪಲಿ ಕಾಲಿನಲ್ಲಿ ನಿಂತಿದ್ದ.

"ಚಪ್ಪಲಿ ಹೊರಗ ಬಿಟ್ಟು ಬರ್ರಿ ಪಾಟೀಲ್ರ, ಚಾ ಇಡ್ತೀನಿ," ಅಂದಳು. "ಚಾವಿ ಕೊಡಂಗಿಲ್ಲ."